ಬೇರೆ ಇಡುವುದು, ಬೇರೆ ನಿಲ್ಲುವುದು

 

ಅಮೆರಿಕದಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವ, ಬೇರೆ ಓದಿಸುವ ಪದ್ಧತಿಯ ವಿರುದ್ಧ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು 1968ರ ಏಪ್ರಿಲ್ 4ರಂದು ಗುಂಡಿಟ್ಟು ಕೊಂದರು. ಅದೇ ತಿಂಗಳ 29ರಂದು ನಮ್ಮ ಗುಲ್ಬರ್ಗದಲ್ಲಿ, ಐವತ್ತೊಂಬತ್ತು ವಯಸ್ಸಿನ ಒಬ್ಬರು ಭೀಮ ಸೇನೆ ಕಟ್ಟಿದರು. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಕಿಂಗ್ ಅವರ ಹೆಸರು ನನ್ನ ಹೈಸ್ಕೂಲ್ ಮಕ್ಕಳಿಗೆ ಗೊತ್ತು, ಬಿ. ಶ್ಯಾಮಸುಂದರ್ ಯಾರು ಎಂದರೆ ಒಬ್ಬರೂ ಕೈ ಎತ್ತುವುದಿಲ್ಲ. ಇವತ್ತು ಅವರ ಬಗ್ಗೆ, ಅವರ ಒಂದು ಬೇಡಿಕೆಯ ಬಗ್ಗೆ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಊಟವಾದ ಮೇಲೆ ಓದಿದರೂ ಸರಿ.

ಶ್ಯಾಮಸುಂದರ್ ಹುಟ್ಟಿದ್ದು 1908ರಲ್ಲಿ, ಔರಂಗಾಬಾದ್‌ನಲ್ಲಿ. ಆ ಊರೂ ನಮ್ಮ ಊರುಗಳೂ ಆಗ ನಿಜಾಮರ ಒಂದೇ ಸಂಸ್ಥಾನದಲ್ಲಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಕಾನೂನು ಪದವಿ ಪಡೆದರು. ದಲಿತರೂ ಮುಸ್ಲಿಮರೂ ಒಂದಾಗಬೇಕೆಂದು ಮೂವತ್ತರ ದಶಕದಿಂದಲೇ ಹೇಳುತ್ತ ಬಂದರು. 1948ರಲ್ಲಿ ಹೈದರಾಬಾದಿನ ಪ್ರಶ್ನೆ ವಿಶ್ವಸಂಸ್ಥೆಗೆ ಹೋದಾಗ ನಿಜಾಮರು ಕಳಿಸಿದ ನಿಯೋಗದಲ್ಲಿ ಇವರೂ ಇದ್ದರು. ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುವ ನಮ್ಮ ಭಾಗದಲ್ಲಿ ಅವರನ್ನು ಮರೆಸಲು ಈ ಒಂದೇ ಸಂಗತಿ ಸಾಕಾಗಿರಬೇಕು ಎಂಬುದು ನನ್ನ ಊಹೆ. ಆ ನಿಲುವನ್ನು ನಾನು ಒಪ್ಪುವುದಿಲ್ಲ. ರಜಾಕಾರರ ಕಾಲದ ಕಥೆ ಕೇಳುತ್ತ ಬೆಳೆದವನಿಗೆ ಒಪ್ಪುವುದು ಕಷ್ಟ. ಆದರೆ ಊರ ಬಾವಿಯಲ್ಲಿ ನೀರು ಸಿಗದವನಿಗೆ ರಾಜ ಯಾರಾದರೇನು ಎಂಬ ಮಾತು, ಬಾವಿಯ ಹತ್ತಿರ ಕೊಡ ಹಿಡಿದು ಕಾಯುತ್ತ ನಿಂತಾಗ ಬೇರೆ ರೀತಿ ಕೇಳಿಸುತ್ತದೆ.

ಭೀಮ ಸೇನೆ ಆತ್ಮರಕ್ಷಣೆಯ ಸ್ವಯಂಸೇವಕ ಪಡೆ. ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದ್ದು ಇದಾಗಿ ನಾಲ್ಕು ವರ್ಷಕ್ಕೆ, 1972ರಲ್ಲಿ. ಶ್ಯಾಮಸುಂದರ್ ಅವರ ಬೇಡಿಕೆಗಳಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಇದು: ಪ್ರತಿ ತಾಲ್ಲೂಕಿನ ಹಳ್ಳಿಗಳಲ್ಲಿ ಕಾಲು ಭಾಗವನ್ನು ದಲಿತರಿಗೆ ಬಿಟ್ಟುಕೊಡಬೇಕು. ಹೋದ ಸಲದ ಓದಿನಲ್ಲಿ ಇದನ್ನು ಹೇಳಿದಾಗ ಹಿರಿಯ ಉಪಾಸಕರೊಬ್ಬರು ತಟ್ಟನೆ ಕೇಳಿದರು: "ಅಲ್ರೀ ಸರ, ನಮ್ಮನ್ನ ಬ್ಯಾರೆ ಇಟ್ಟಾರಂತ ಜಗಳ ಮಾಡೋರು ನಾವು. ನಾವೇ ಬ್ಯಾರೆ ಊರು ಕೇಳಿದ್ರ ಅವರಿಗೂ ನಮಗೂ ಫರಕ್ ಏನು ಉಳೀತು?"

ಸಣ್ಣ ಪ್ರಶ್ನೆಯಲ್ಲ. ಬೇರೆ ಇಟ್ಟರೂ ಸಮನಾಗಿ ಇಟ್ಟರೆ ತಪ್ಪಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1896ರಲ್ಲಿ ಹೇಳಿತ್ತು. ಬೇರೆ ಇಡುವುದೇ ಅಸಮಾನತೆ ಎಂದು ಅದೇ ಕೋರ್ಟ್ ಶಾಲೆಗಳ ವಿಷಯದಲ್ಲಿ ಒಪ್ಪಲು 1954 ಬರಬೇಕಾಯಿತು. ಅಲ್ಲಿಯವರು ಒಟ್ಟಿಗೆ ಕೂರುವ ಹಕ್ಕಿಗಾಗಿ ಜೈಲು ಸೇರುತ್ತಿದ್ದಾಗ ಇಲ್ಲಿಯವರು ದೂರ ಹೋಗುತ್ತೇವೆ ಎಂದದ್ದೇಕೆ?

ಈ ಬೇಡಿಕೆ ಶ್ಯಾಮಸುಂದರ್ ಒಬ್ಬರದ್ದೇ ಅಲ್ಲ. 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನ ಪ್ರತ್ಯೇಕ ಗ್ರಾಮಗಳ ನಿರ್ಣಯ ಮಾಡಿತ್ತು. 1947ರಲ್ಲಿ ಬಾಬಾಸಾಹೇಬರು 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಬರೆದಾಗ ಅದನ್ನು ಮತ್ತೆ ಇಟ್ಟರು. ಅವರ ಕಾರಣ ಹೊಟ್ಟೆಯದು. ಹಳ್ಳಿಯಲ್ಲಿ ಅಸ್ಪೃಶ್ಯನಿಗೆ ಹೊಲವಿಲ್ಲ, ಹೊಲ ಇದ್ದವರಲ್ಲೇ ದುಡಿಯಬೇಕು. ತಲೆ ಎತ್ತಿದ ದಿನ ಕೂಲಿ ನಿಲ್ಲುತ್ತದೆ, ಕಿರಾಣಿ ನಿಲ್ಲುತ್ತದೆ. ಬಹಿಷ್ಕಾರಕ್ಕೆ ಬಡಿಗೆಯೂ ಬೇಡ.

ಕೇರಿ ಊರಿನಿಂದ ದೂರ ಇದೆ ಎನ್ನುತ್ತೇವೆ. ನಿಜವಾಗಿ ದೂರ ಇದೆಯೇ? ತೊಗರಿ ಕೊಯ್ಯಲು, ರಾಶಿ ಮಾಡಲು, ಸತ್ತ ದನ ಎಳೆಯಲು, ಜಾತ್ರೆಗೆ ಹಲಗೆ ಬಾರಿಸಲು ಬೆಳಗಾಗುವುದರೊಳಗೆ ಕೂಗಿ ಕರೆಯುವಷ್ಟು ಹತ್ತಿರ ಅದು. ನೀರು, ಗುಡಿ, ಊಟದ ಪಂಕ್ತಿ ಬಂದಾಗ ಮಾತ್ರ ದೂರ. ನಮ್ಮ ಶಹಾಬಾದ್ ಕಲ್ಲನ್ನೇ ನೋಡಿ. ಗಣಿಯಲ್ಲಿ ಬಿಸಿಲಿಗೆ ಕೂತು ಕಲ್ಲು ಎಬ್ಬಿಸಿದ ಕೈಗಳು, ಅದೇ ಪರ್ಸಿ ಗುಡಿಯ ನೆಲಕ್ಕೆ ಬಿದ್ದ ಮೇಲೆ ಹೊಸ್ತಿಲ ಹೊರಗೆ ಜೋಡಿಸಿಕೊಂಡು ನಿಲ್ಲಬೇಕು. ನನಗೆ ಹೊಸದಾಗಿ ನೌಕರಿ ಸಿಕ್ಕಾಗ ಒಂದು ಊರಿನಲ್ಲಿ ಬಾಡಿಗೆ ಮನೆ ಕೇಳಲು ಹೋಗಿದ್ದೆ. "ಯಾರ ಪೈಕಿರಿ ಸರ?" ಎಂದರು. ಹೇಳಿದೆ. ಮನೆ ಈಗಾಗಲೇ ಬೇರೆಯವರಿಗೆ ಮಾತಾಗಿದೆ ಎಂದರು. ಹೊರಟು ನಿಂತಾಗ, ಮಗನಿಗೆ ಕನ್ನಡ ವ್ಯಾಕರಣ ಹೇಳಿಕೊಡಲು ಸಂಜೆ ಬರುತ್ತೀರಾ ಎಂದು ಕೇಳಿದರು! ಅಮೆರಿಕದ ಬಸ್ಸಿನಲ್ಲಿ ಮೈಬಣ್ಣ ನೋಡಿದರೆ ಸಾಕಿತ್ತು, ನಮ್ಮಲ್ಲಿ ಬಾಯಿಬಿಟ್ಟು ಕೇಳಬೇಕು, ಅಷ್ಟೇ.

ಹಾಗಾಗಿ ಆ ಉಪಾಸಕರಿಗೆ ನನ್ನ ಉತ್ತರ ಇದು. ಅಸ್ಪೃಶ್ಯತೆ ಎಂದರೆ ಬರೀ ಬೇರ್ಪಡಿಸುವುದಲ್ಲ. ದುಡಿಮೆಯಲ್ಲಿ ಕಟ್ಟಿಹಾಕಿ ಮರ್ಯಾದೆಯಲ್ಲಿ ದೂರ ಇಡುವುದು. ಅದೊಂದು ಹಗ್ಗ, ನಾವು ಅದನ್ನು ಗೋಡೆ ಎಂದುಕೊಂಡಿದ್ದೇವೆ. ಪ್ರತ್ಯೇಕ ಊರು ಕೇಳಿದವರು ಇನ್ನೊಂದು ಗೋಡೆ ಕೇಳಲಿಲ್ಲ, ಹಗ್ಗ ಬಿಚ್ಚಿ ಎಂದರು. ಬೇರೆ ಇಡುವವನಿಗೆ ಇನ್ನೊಬ್ಬರ ದುಡಿಮೆ ಬೇಕು. ಬೇರೆ ನಿಲ್ಲುತ್ತೇನೆ ಎನ್ನುವವನು ಕೇಳುವುದು ತನ್ನ ದುಡಿಮೆ ತನಗೆ ಎಂದು.

ಕನ್ನಡ ಓದಿದ ತಪ್ಪಿಗೆ ಒಂದು ಶಬ್ದದ ಮಾತು ಹೇಳಿಬಿಡುತ್ತೇನೆ. 'ಪ್ರತ್ಯೇಕ' ಎಂದರೆ ಮೂಲದಲ್ಲಿ ಒಬ್ಬೊಬ್ಬರಾಗಿ ಎಂದರ್ಥ. ಹೋಟೆಲಿನ ಪ್ರತ್ಯೇಕ ಕಪ್ಪಿಗೂ ಅದೇ ಶಬ್ದ, ಯಾರ ಆಸರೆಯೂ ಇಲ್ಲದೆ ಒಬ್ಬನೇ ಬೋಧಿ ಪಡೆದ ಪ್ರತ್ಯೇಕ ಬುದ್ಧನಿಗೂ ಅದೇ ಶಬ್ದ. 1986ರಲ್ಲಿ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಮಾಳಿಗೆ ಕುಸಿದು, ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಕಂಡಿತಲ್ಲ, ಅದರಲ್ಲಿರುವ ಎರಡಕ್ಕೆ ವಿದ್ವಾಂಸರು ಇಟ್ಟ ಹೆಸರು 'ಪ್ರತ್ಯೇಕ ಶಾಸನ'. ಎಲ್ಲ ಜನರೂ ತನಗೆ ಮಕ್ಕಳ ಹಾಗೆ ಎಂದು ಅಶೋಕ ಅಧಿಕಾರಿಗಳಿಗೆ ತಿಳಿಸುವುದು ಈ ಪ್ರತ್ಯೇಕ ಶಾಸನಗಳಲ್ಲೇ.

ಬುದ್ಧರ ಸಂಘವೂ ಊರು ಬಿಟ್ಟು ನಿಂತವರದ್ದೇ. ಆದರೆ ಅದರ ಬಾಗಿಲು ಹೇಗಿತ್ತು? ಶಾಕ್ಯ ರಾಜಕುಮಾರರು ದೀಕ್ಷೆಗೆ ಬಂದಾಗ, ಮೊದಲು ನಮ್ಮ ಕ್ಷೌರಿಕ ಉಪಾಲಿಗೆ ದೀಕ್ಷೆ ಕೊಡಿ ಎಂದು ತಾವೇ ಕೇಳಿದರು. ಹಿಂದೆ ಬಂದವರು ಮುಂದೆ ಬಂದವರಿಗೆ ತಲೆಬಾಗಬೇಕು, ತಮ್ಮ ಕುಲದ ಸೊಕ್ಕು ಇಳಿಯಲಿ ಎಂದು. ಅಲ್ಲಿಗೆ ಯಾರೂ ಬರಬಹುದಿತ್ತು, ಬಂದವರು ಉಪಾಲಿಗೆ ಬಾಗಬೇಕಿತ್ತು.

ಈ ಕಥೆ ಮುಂದಿಟ್ಟುಕೊಂಡಾಗ ಶ್ಯಾಮಸುಂದರ್ ಅವರ ಊರಿನ ಬಗ್ಗೆ ನನಗೆ ಒಂದು ಅನುಮಾನ ಉಳಿಯುತ್ತದೆ. ಸೇಡಂ ತಾಲ್ಲೂಕಿನಲ್ಲಿ ಅಂಥದ್ದೊಂದು ಊರು ಸಿಕ್ಕಿದ್ದರೆ ಅದರೊಳಗೆ ಎಡಗೈಯವರ ಓಣಿ ಒಂದು ಕಡೆ, ಬಲಗೈಯವರ ಓಣಿ ಒಂದು ಕಡೆ ಆಗುತ್ತಿರಲಿಲ್ಲವೇ? ನೀರಿಗೆ ಎರಡು ಪಾಳಿ ಆಗುತ್ತಿರಲಿಲ್ಲವೇ? ಒಳಮೀಸಲಾತಿಯ ಚರ್ಚೆ ನಡೆದಾಗ ನಮ್ಮ ಇದೇ ಗುಂಪಿನಲ್ಲಿ ಬಂದು ಡಿಲೀಟ್ ಆದ ಮೆಸೇಜ್‌ಗಳನ್ನು ನೆನೆಸಿಕೊಂಡು ಕೇಳುತ್ತಿದ್ದೇನೆ. ಯಾರೂ ಬೇಸರ ಮಾಡಿಕೊಳ್ಳಬೇಡಿ.

ಇನ್ನು 'ಸೇನೆ' ಎಂಬ ಹೆಸರು. ಪಂಚಶೀಲ ಹೇಳುವ ನಮ್ಮ ನಾಲಿಗೆಗೆ ಅದು ಒರಟು. ಆದರೆ ಆ ವರ್ಷವನ್ನು ನೆನಪಿಡಬೇಕು. 1968ರ ಡಿಸೆಂಬರ್ 25ರಂದು ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಕೂಲಿಯ ಜಗಳದಲ್ಲಿ 44 ದಲಿತರನ್ನು ಸುಟ್ಟರು, ಹೆಚ್ಚಿನವರು ಹೆಂಗಸರು, ಮಕ್ಕಳು. ನಮ್ಮ ಕಲ್ಯಾಣ ಕರ್ನಾಟಕದ್ದೇ ಆದ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೋಟೆಲಿಗೆ, ಕ್ಷೌರದಂಗಡಿಗೆ ಬರಬೇಡಿ ಎಂಬ ತಕರಾರು ಅದರ ಹಿಂದಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಪ್ರಕರಣ ಮುಂದೆ ಹೈಕೋರ್ಟಿಗೆ ಹೋಯಿತು. ಧಮ್ಮಪದದ ದಂಡವಗ್ಗವನ್ನು ನಾವು ಕಳೆದ ವಾರ ಓದಿದ್ದೇವೆ. ಕೊಲ್ಲಬೇಡ, ಕೊಲ್ಲಿಸಲೂ ಬೇಡ ಎಂಬುದು ಅಲ್ಲಿದೆ. ಸುಮ್ಮನೆ ಹೊಡೆಸಿಕೋ ಎಂದು ಅಲ್ಲಿ ನಾನು ಓದಿಲ್ಲ. ತಡೆಯುವ ಕೈ ಯಾವ ಕ್ಷಣದಲ್ಲಿ ಹೊಡೆಯುವ ಕೈ ಆಗುತ್ತದೆ ಎಂಬುದು ಕಷ್ಟದ ಲೆಕ್ಕ. ಆದರೆ ಆ ಲೆಕ್ಕವನ್ನು ಯಾವಾಗಲೂ ಏಟು ತಿಂದವನಿಂದಲೇ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಶ್ಯಾಮಸುಂದರ್ 1975ರಲ್ಲಿ ತೀರಿಕೊಂಡರು. ಭೀಮ ಸೇನೆಯ ದಿನಗಳನ್ನು ಕಣ್ಣಾರೆ ಕಂಡವರು ವಾಡಿ, ಶಹಾಬಾದ್ ಕಡೆ ಇನ್ನೂ ಇರಬಹುದು, ಈಗ ಎಂಬತ್ತರ ಹತ್ತಿರ ಇರುತ್ತಾರೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂಥವರಿದ್ದರೆ ಭಾನುವಾರದ ಓದಿಗೆ ಕರೆದುಕೊಂಡು ಬನ್ನಿ. ನಡೆಯಲು ಆಗದಿದ್ದರೆ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಗುಂಪಿಗೆ ಹಾಕಿ. ನಾನು ಅವರನ್ನು ಮೊದಲು ಕೇಳಬೇಕೆಂದಿರುವುದು ಭಾಷಣಗಳ ಬಗ್ಗೆ ಅಲ್ಲ. ಆ ಸಭೆಗಳಲ್ಲಿ ಊಟಕ್ಕೆ ಕೂತಾಗ ಯಾವ ಓಣಿಯವರು ಯಾರ ಪಕ್ಕ ಕೂಡುತ್ತಿದ್ದರು ಎಂದು.