ಪರಕಾಯ ಪ್ರವೇಶ ಮತ್ತು ಒಪ್ಪಿಗೆ

ಪರಕಾಯ ಪ್ರವೇಶವನ್ನು, ಎಂದರೆ ಯೋಗಬಲದಿಂದ ಮತ್ತೊಬ್ಬರ ದೇಹವನ್ನು ಹೊಕ್ಕು ನಡೆಸುವ ಶಕ್ತಿಯನ್ನು, ಪತಂಜಲಿಯ ಯೋಗಸೂತ್ರದ ವಿಭೂತಿಪಾದವು ಸಿದ್ಧಿಗಳ ಸಾಲಿನಲ್ಲಿ ಎಣಿಸುತ್ತದೆಯಾದರೂ, ಹೊಗುವ ಹಕ್ಕು ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಅದನ್ನು ಕೇಳಿದ್ದು ಮಹಾಭಾರತ. ಪರಊರಿನ ಗ್ರಾಹಕರ ಕಂಪ್ಯೂಟರನ್ನು ತನ್ನ ಮೇಜಿನಿಂದಲೇ ಸರಿಪಡಿಸಲು ರಿಮೋಟ್ ಸಪೋರ್ಟ್ ತಂತ್ರಾಂಶ ಆರಿಸುವ ಸಂಸ್ಥೆಗೆ ಬೆಲೆ, ವೇಗಗಳ ಲೆಕ್ಕಕ್ಕಿಂತ ಈ ಪ್ರಶ್ನೆಯೇ ಮೊದಲಿನದು.

ಶಾಂತಿಪರ್ವದಲ್ಲಿ ಸುಲಭೆಯೆಂಬ ಸಂನ್ಯಾಸಿನಿ ಜನಕನ ಚಿತ್ತವನ್ನು ಹೊಕ್ಕಾಗ, ಯಾರ ಅನುಮತಿಯಿಂದ ಬಂದೆಯೆಂದು ಅವನು ಆಕ್ಷೇಪಿಸುತ್ತಾನೆ. ಬರಿದಾದ ಮನೆಯಲ್ಲಿ ಭಿಕ್ಷು ತಂಗುವಂತೆ ಒಂದಿರುಳು ತಂಗಿ ಹೊರಡುವೆನೆಂಬುದು ಅವಳ ಉತ್ತರಗಳಲ್ಲೊಂದು. ಟೀಮ್‌ವ್ಯೂವರ್, ಎನಿಡೆಸ್ಕ್‌ನಂಥ ತಂತ್ರಾಂಶಗಳಲ್ಲಿ ಗ್ರಾಹಕನು ಪರದೆಯ ಮೇಲಿನ ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳಿ, ಕೆಲಸ ಮುಗಿದೊಡನೆ ಕಡಿದುಹೋಗುವ ಸಂಪರ್ಕವನ್ನು ಕೊಡುವುದು ಇಂಥದೇ ಒಂದಿರುಳಿನ ವಾಸ. ಲೆಕ್ಕದ ಕಡತ ತೆರೆಯದೆಂದು ಕರೆಮಾಡಿದ ಗುಮಾಸ್ತನು, ಬಾಣದ ಗುರುತು ತಾನಾಗಿಯೇ ಸರಿದಾಡತೊಡಗಿದೊಡನೆ ಮೌಸಿನಿಂದ ಕೈ ಎತ್ತಿ ಸುಮ್ಮನೆ ಕೂರುತ್ತಾನೆ. ಕರ್ತೃತ್ವ, ಅಂದರೆ ಮಾಡುವವನೆಂಬ ಸ್ಥಾನ, ಆಗ ಮತ್ತೊಬ್ಬನಿಗೆ ದಾಟಿದರೂ, ಕಿಟಕಿ ಮುಚ್ಚಿ ಅದನ್ನು ಹಿಂಪಡೆಯುವ ದಾರಿ ಅವನ ಬೆರಳ ತುದಿಯಲ್ಲೇ ಇರುತ್ತದೆ.

ಕಷ್ಟವಿರುವುದು ಗ್ರಾಹಕ ಎದುರಿಗಿಲ್ಲದಾಗಲೂ ಸ್ಥಿರ ಪಾಸ್‌ವರ್ಡಿನಿಂದ ಒಳಹೊಗುವ ವ್ಯವಸ್ಥೆಯಲ್ಲಿ. ಅನುಶಾಸನಪರ್ವದ ವಿಪುಲನು, ಇಂದ್ರನಿಂದ ಗುರುಪತ್ನಿ ರುಚಿಯನ್ನು ಕಾಯಲೆಂದು ಅವಳಿಗೇ ತಿಳಿಯದಂತೆ ಅವಳ ದೇಹವನ್ನು ಹೊಕ್ಕು, ಬಂದವನನ್ನು ಎದ್ದು ಸ್ವಾಗತಿಸಬಯಸಿದ ಅವಳ ಅಂಗಾಂಗಗಳನ್ನು ಕಟ್ಟಿಹಾಕುತ್ತಾನೆ. ಗುರು ದೇವಶರ್ಮನು ರಕ್ಷಣೆಯನ್ನು ಮೆಚ್ಚುತ್ತಾನೆ. ಹೊಕ್ಕ ಬಗೆಯನ್ನು ಶಿಷ್ಯ ತನಗೆ ಹೇಳದೆ ಮುಚ್ಚಿಟ್ಟದ್ದನ್ನು ಮಾತ್ರ ದೋಷವೆನ್ನುತ್ತಾನೆ, ಏಕೆಂದರೆ ಹಗಲಿರುಳುಗಳೂ ಆರು ಋತುಗಳೂ ಅದನ್ನು ಕಂಡಿದ್ದವು. (ರುಚಿಯ ಒಪ್ಪಿಗೆಯ ಮಾತನ್ನು ಗುರುವೂ ಎತ್ತುವುದಿಲ್ಲ; ಕಥೆಯ ಕೊರತೆ ಅಲ್ಲಿದೆ.) ಅಂಗಡಿ ಮುಚ್ಚಿದ ಮೇಲೆ ಸರ್ವರ್ ದುರಸ್ತಿ ನಡೆಯಬೇಕಾದಾಗ ಇಂಥ ಪ್ರವೇಶ ಅನಿವಾರ್ಯವಾದ್ದರಿಂದ, ಅದನ್ನು ಒಟ್ಟಾರೆ ನಿಷೇಧಿಸುವುದು ಸುಲಭದ ಆದರೆ ಕೆಲಸಕ್ಕೆ ಬಾರದ ಶುದ್ಧತೆ. ಬೇಕಾದದ್ದು ರುಚಿಯಿಂದ ಮೊದಲೇ ಪಡೆದ ಒಪ್ಪಿಗೆ ಮತ್ತು ಋತುಗಳ ಸಾಕ್ಷ್ಯ: ಯಾರು, ಎಷ್ಟು ಹೊತ್ತಿಗೆ ಹೊಕ್ಕು ಹೊರಟರೆಂಬ ಲಾಗ್, ಅಂದರೆ ತಾನಾಗಿ ಬರೆದುಕೊಳ್ಳುವ ದಿನಚರಿ, ಗ್ರಾಹಕನಿಗೂ ಓದಲು ಸಿಗಬೇಕು. ರಸ್ಟ್‌ಡೆಸ್ಕ್‌ನಂಥ ಮುಕ್ತ ತಂತ್ರಾಂಶದಲ್ಲಿ ಸಂಪರ್ಕವನ್ನು ಬೆಸೆಯುವ ಸರ್ವರನ್ನು ಸೇವಾ ಸಂಸ್ಥೆ ತಾನೇ ಇಟ್ಟುಕೊಳ್ಳಬಹುದಾದ್ದರಿಂದ ಮೂರನೆಯವರ ಕಣ್ಣು ತಪ್ಪುತ್ತದೆ. ಆದರೆ ಅಲ್ಲಿ ದಿನಚರಿಯ ಒಂದೇ ಪ್ರತಿ ಆ ಸಂಸ್ಥೆಯಲ್ಲೇ ಉಳಿದರೆ, ವಿಪುಲನ ಕಥೆಯಲ್ಲಿ ವಿಪುಲನೇ ಆರು ಋತುಗಳ ಜಾಗದಲ್ಲೂ ಕುಳಿತಂತಾಗುತ್ತದೆ.