ವಿದೇಶದ ಇಂಟರ್ನ್‌ಶಿಪ್: ಹುಮ್ಮಸ್ಸು ಇಳಿಯುವುದೆಲ್ಲಿ, ಏರುವುದೆಲ್ಲಿ

ವಿದೇಶಿ ಕಂಪನಿಗೆ ಇಂಟರ್ನ್ ಆಗಿ ಸೇರಿದವರ ಮೊದಲ ದಿನಗಳು ಹೆಚ್ಚಾಗಿ ಕಾಯುವುದರಲ್ಲೇ ಕಳೆಯುತ್ತವೆ. ಲ್ಯಾಪ್‌ಟಾಪ್ ಬರಬೇಕು, ಪಾಸ್‌ವರ್ಡ್ ಸಿಗಬೇಕು, ಸುರಕ್ಷತೆಯ ವೀಡಿಯೊಗಳನ್ನು ನೋಡಿ ಮುಗಿಸಬೇಕು, ರಜೆಯಲ್ಲಿರುವ ಮೆಂಟರ್ ಮರಳಬೇಕು. ಆಯ್ಕೆಯ ಪತ್ರ ಬಂದ ದಿನದ ಹುಮ್ಮಸ್ಸು ಇಳಿಯುವುದು ಇಲ್ಲೇ. ತನ್ನಲ್ಲೇ ಏನೋ ಕೊರತೆಯಿದೆ ಎಂದು ವಿದ್ಯಾರ್ಥಿ ಅಂದುಕೊಳ್ಳುತ್ತಾನೆ. ವಾಸ್ತವದಲ್ಲಿ ಕೊರತೆ ಇರುವುದು ಕೆಲಸದ ಏರ್ಪಾಡಿನಲ್ಲಿ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ 1985ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಸಿದ್ಧಾಂತದ ಪ್ರಕಾರ ಮನುಷ್ಯನ ಒಳಗಿನ ಪ್ರೇರಣೆಗೆ ಮೂರು ಆಸರೆಗಳಿವೆ: ತನ್ನ ಕೆಲಸದ ಮೇಲೆ ತನಗಿರುವ ಹಿಡಿತ, ಮಾಡಬಲ್ಲೆನೆಂಬ ಭರವಸೆ, ಜೊತೆಯವರೊಂದಿಗಿನ ನಂಟು. ಪರದೇಶದಲ್ಲಿರುವ ಇಂಟರ್ನ್‌ಗೆ ಮೊದಲು ಬೇಕಾಗುವುದು ಕೊನೆಯದು. ಹಿಡಿತ ತಡವಾಗಿ ಬಂದರೂ ನಡೆಯುತ್ತದೆ. ಮಾತಾಡಿಸುವವರೇ ಇಲ್ಲದಿದ್ದರೆ ಭರವಸೆಯೂ ಹುಟ್ಟುವುದಿಲ್ಲ.

ವಿರಾಜಪೇಟೆ–ಗೋಣಿಕೊಪ್ಪ ರಸ್ತೆಯ ಬಿಟ್ಟಂಗಾಲದಂಥ ಊರಿನಲ್ಲಿ ಬೆಳೆದವರಿಗೆ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ಅಲ್ಲಿನ ತೋಟದ ಮನೆಗಳಲ್ಲಿ ಕೆಲಸವನ್ನು ಯಾರೂ ಪಾಠ ಮಾಡಿ ಕಲಿಸುವುದಿಲ್ಲ. ಕಣದಲ್ಲಿ ಹರಡಿದ ಕಾಫಿಯನ್ನು ಕೆದಕುವುದರಿಂದ ಮಕ್ಕಳು ಶುರು ಮಾಡುತ್ತಾರೆ. ಹಣ್ಣು ಒಣಗಿದೆಯೇ ಎಂಬುದನ್ನು ಮುಷ್ಟಿಯಲ್ಲಿ ಅಲುಗಿಸಿ ಸದ್ದಿನಿಂದಲೇ ತಿಳಿಯುವುದು ಆಮೇಲೆ ತಾನಾಗಿ ಬರುತ್ತದೆ. ಕಲಿಕೆಯನ್ನು ಅಧ್ಯಯನ ಮಾಡಿದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಬರೆದದ್ದೂ ಇಂಥ ಕಲಿಕೆಯ ಬಗ್ಗೆಯೇ: ಹೊಸಬ ಅಂಚಿನಲ್ಲಿ ನಿಂತು, ಚಿಕ್ಕದಾದರೂ ನಿಜವಾದ ಕೆಲಸ ಮಾಡುತ್ತ ನಡುವಿಗೆ ಸರಿಯುತ್ತಾನೆ. ಕಂಪನಿಯಲ್ಲೂ ಹಾಗೆಯೇ. ಯಾರೂ ಬಳಸದ ಅಣಕು ಪ್ರಾಜೆಕ್ಟ್‌ಗಿಂತ, ನಾಳೆ ಯಾರೋ ಬಳಸುವ ಒಂದು ಸಣ್ಣ ತಿದ್ದುಪಡಿ ಹೆಚ್ಚು ಕಲಿಸುತ್ತದೆ. ಅಂಥ ಕೆಲಸ ಸಿಗದಿದ್ದರೆ ಬಾಯಿಬಿಟ್ಟು ಕೇಳಬೇಕಾಗುತ್ತದೆ.

ತೊಡಕು ಇರುವುದೂ ಆ ಕೇಳುವುದರಲ್ಲೇ. ನಮ್ಮ ತರಗತಿಗಳಲ್ಲಿ ಸುಮ್ಮನಿರುವುದು ಮರ್ಯಾದೆ. ಜರ್ಮನಿಯ ಅಥವಾ ಅಮೆರಿಕದ ಕಚೇರಿಯಲ್ಲಿ ಅದೇ ಮೌನ ‘ಎಲ್ಲ ಅರ್ಥವಾಗಿದೆ’ ಎಂದೋ ‘ಆಸಕ್ತಿಯಿಲ್ಲ’ ಎಂದೋ ಲೆಕ್ಕಕ್ಕೆ ಬರುತ್ತದೆ. ‘ಇಷ್ಟು ಪ್ರಯತ್ನಿಸಿದೆ, ಇಲ್ಲಿ ಸಿಕ್ಕಿಕೊಂಡಿದ್ದೇನೆ’ ಎಂದು ಎರಡು ಸಾಲು ಬರೆದು ಕೇಳಿದವರಿಗೆ ಬೇಗ ಉತ್ತರ ಸಿಗುತ್ತದೆ. ಪದವಿಯ ಅಂಕಪಟ್ಟಿಗಿಂತ ಈ ಒಂದು ಅಭ್ಯಾಸವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದರೆ ಅತಿಶಯೋಕ್ತಿಯಾಗದು.

ಕನ್ನಡ ನಾಡಿಗೆ ಇಂಥ ತರಬೇತಿ ಹೊಸದೇನಲ್ಲ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ಹೋದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಮುಗಿಸಿದವರು ನೇರವಾಗಿ ಪಿಎಚ್‌ಡಿಗೆ ಕೂರಲಿಲ್ಲ. ವಾಷಿಂಗ್ಟನ್‌ನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರೇಡಿಯೊ ತರಂಗಾಂತರಗಳ ಅಳತೆಯ ವಿಭಾಗದಲ್ಲಿ ಎಂಟು ತಿಂಗಳು ಕೈಕೆಲಸ ಕಲಿತರು. ಅದು ಕಂಪನಿಯಲ್ಲ, ಸರ್ಕಾರಿ ಪ್ರಯೋಗಾಲಯ. ಆದರೆ ಗಣಿತದಿಂದ ಬಂದವರು ಉಪಕರಣದ ಮುಂದೆ ಕೂತು ಅಳೆಯುವುದನ್ನು ಕಲಿತದ್ದು ಮುಖ್ಯ. ಮತ್ತೆ ಮಿಷಿಗನ್‌ಗೆ ಮರಳಿ ಪಿಎಚ್‌ಡಿ ಪಡೆದು, 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಅಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿದರು.

ಇಂದಿನ ದಾರಿಗಳು ಹಲವು. 1948ರಲ್ಲಿ ಹುಟ್ಟಿದ ಐಎಇಎಸ್‌ಟಿಇ ಎಂಬ ವಿನಿಮಯ ಸಂಸ್ಥೆ ತಾಂತ್ರಿಕ ವಿದ್ಯಾರ್ಥಿಗಳನ್ನು ತರಬೇತಿಗೆ ದೇಶದಿಂದ ದೇಶಕ್ಕೆ ಕಳಿಸುತ್ತದೆ. ಅದಕ್ಕೆ ಮಣಿಪಾಲದಲ್ಲೂ ಕೇಂದ್ರವಿದೆ. ಅಮೆರಿಕದ ಜೆ-1 ವೀಸಾದಲ್ಲಿ ಇಂಟರ್ನ್‌ಗೆ ಗರಿಷ್ಠ 12 ತಿಂಗಳು. ಅಲ್ಲೇ ಓದುತ್ತಿರುವ ಎಫ್-1 ವಿದ್ಯಾರ್ಥಿ ಓದಿನ ಭಾಗವಾಗಿ 12 ತಿಂಗಳು ಪೂರ್ಣಾವಧಿ ಕೆಲಸ ಮಾಡಿದರೆ, ಅದೇ ಹಂತದ ಪದವಿಯ ನಂತರ ಅಲ್ಲೇ ಕೆಲಸ ಮಾಡಲು ಸಿಗುವ ಒಪಿಟಿ ಅವಕಾಶ ತಪ್ಪಿಹೋಗುತ್ತದೆ. ಜರ್ಮನಿಯಲ್ಲಿ 2015ರಿಂದ ಕನಿಷ್ಠ ವೇತನ ಜಾರಿಯಲ್ಲಿದ್ದರೂ ಪಠ್ಯಕ್ರಮ ಕಡ್ಡಾಯಗೊಳಿಸಿದ ಇಂಟರ್ನ್‌ಶಿಪ್‌ಗೆ ಅದು ಅನ್ವಯಿಸದು.

ವಿದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ನೆರವು ದೊಡ್ಡದು: ಬಾಡಿಗೆಯ ಕೋಣೆ, ಚಳಿಗೆ ಕೋಟು, ಭಾನುವಾರದ ಬಿಸಿಬೇಳೆಬಾತ್. ಆದರೆ ಪ್ರತಿ ಸಂಜೆಯೂ ನಮ್ಮವರ ನಡುವೆಯೇ ಕಳೆದರೆ ಕಚೇರಿಯವರ ಪರಿಚಯ ಬೆಳೆಯುವುದಿಲ್ಲ. ಮಧ್ಯಾಹ್ನ ಡಬ್ಬಿ ಹಿಡಿದು ಒಬ್ಬರೇ ಮೂಲೆಯಲ್ಲಿ ಕೂರುವುದಂತೂ ನಷ್ಟವೇ, ಏಕೆಂದರೆ ಯಾವ ತಂಡದಲ್ಲಿ ಏನು ನಡೆಯುತ್ತಿದೆ ಎಂಬ ಸುದ್ದಿ ಹರಿದಾಡುವುದು ಊಟದ ಮೇಜಿನಲ್ಲಿ.

ಕೊನೆಯ ವಾರಗಳಲ್ಲಿ ಮಾಡಿದ ಕೆಲಸದ ಮಂಡನೆ, ಮುಂದಿನವರಿಗೆ ಬರೆದಿಡುವ ಟಿಪ್ಪಣಿ, ಕಾಲೇಜಿಗೆ ಕೊಡುವ ವರದಿ ಒಟ್ಟಿಗೆ ಬಂದು ಬೀಳುತ್ತವೆ. ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್‌ಗೂ ಜಾಗವಿದೆ, ಹಾಗಾಗಿ ಈ ವರದಿ ತಪ್ಪುವುದಿಲ್ಲ. ಆದರೆ ಕಂಪನಿಯ ಕೋಡ್, ಗ್ರಾಹಕರ ಮಾಹಿತಿ, ಚಿತ್ರಗಳೆಲ್ಲ ಗೋಪ್ಯತೆಯ ಒಪ್ಪಂದಕ್ಕೆ ಒಳಪಟ್ಟಿರುತ್ತವೆ. ವರದಿಯಲ್ಲಿ ಏನು ಬರೆಯಬಹುದು ಎಂಬ ಒಪ್ಪಿಗೆಯನ್ನು ಅವಧಿಯ ಮಧ್ಯದಲ್ಲೇ ಲಿಖಿತವಾಗಿ ಪಡೆದವರಿಗೆ ಕೊನೆಯ ವಾರ ಕೆಲಸಕ್ಕೇ ಉಳಿಯುತ್ತದೆ. ಉಳಿದವರದು ಕಾನೂನು ವಿಭಾಗದ ಉತ್ತರಕ್ಕೆ ಕಾಯುವುದರಲ್ಲಿ ಮುಗಿಯುತ್ತದೆ.