ನಂಬಿಕೆಯೂ ತೆರೆದ ಬಾಗಿಲೂ

ಮೈದಾನದಲ್ಲಾಗಲಿ ಈಜುಕೊಳದಲ್ಲಾಗಲಿ ಮಗುವನ್ನು ಒಪ್ಪಿಸುವಾಗ ನಾವು ಗುರುವನ್ನು ನಂಬುತ್ತೇವೆ, ನಂಬದೆ ವಿದ್ಯೆಯಿಲ್ಲ. ಆದರೆ ಆ ನಂಬಿಕೆಗೆ ಕಣ್ಣಿರಬೇಡವೇ? ಮಡಗಾಂವದಲ್ಲಿ ಅನಾಥ ಬಾಲಕರ ಪೋಷಕನೆನಿಸಿದ್ದ ಫ್ರೆಡ್ಡಿ ಪೀಟ್ಸ್ 1991ರಲ್ಲಿ ಬಂಧಿತನಾಗಿ, ಆ ಬಾಲಕರ ಮೇಲೆಸಗಿದ ದೌರ್ಜನ್ಯಕ್ಕಾಗಿ 1996ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದನು. ಲೋಕದ ಗೌರವವೇ ಅವನಿಗೆ ಮರೆಯಾಗಿತ್ತು. ಗೋವೆಯು 2003ರಲ್ಲಿಯೇ, ಪೋಕ್ಸೋ ಕಾಯಿದೆಗಿಂತ 9 ವರ್ಷ ಮುಂಚೆ, ಮಕ್ಕಳ ಕಾಯಿದೆಯನ್ನು ರಚಿಸಿತು. ನ್ಯಾಯಾಲಯ ಶಿಕ್ಷಿಸಬಲ್ಲುದು, ಕ್ರೀಡಾಂಗಣದ ಕೋಣೆಯ ಬಾಗಿಲನ್ನು ತೆರೆದಿಡಬೇಕಾದವರು ನಾವು. ಒಂಟಿ ಮಗುವಿನೊಡನೆ ಒಂಟಿ ಶಿಕ್ಷಕನಿರಬಾರದೆಂದರೆ ಅವಮಾನವೆಂದು ಮುನಿಯುವವರುಂಟು. (ಅಧ್ಯಾಪಕರಾದ ನಮಗೂ ಅದು ತುಸು ಕಹಿಯೇ.) ತೆರೆದ ಬಾಗಿಲಿನಿಂದ ಸಜ್ಜನನಿಗೆ ನಷ್ಟವೇನು? ವಾಸ್ಕೋದ ಕನ್ನಡ ಕೂಲಿಕಾರರ ಮಗು ಪರಭಾಷೆಯಲ್ಲಿ ದೂರು ಹೇಳಲು ಅಂಜೀತು. ಮನೆಯಲ್ಲಿ ‘ನಾಳೆ ಆಟಕ್ಕೆ ಹೋಗೆನು’ ಎಂದಷ್ಟೇ ನುಡಿದೀತು. ಏಕೆಂದು ಕೇಳದೆ ಗದರಿಸುವ ರೂಢಿ ನಮ್ಮ ಮನೆಗಳಲ್ಲಿನ್ನೂ ಇದೆ.